ಹೊರದೇಶಗಳ ನೆಲಬಾಂಬ್ ತೆರವಿಗೆ ಅಮೆರಿಕದ ಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಲಬಾಂಬ್ ತೆರವಿಗೆ ಮತ್ತು ಅದರಿಂದ ಕೈಕಾಲು ಕಳೆದುಕೊಂಡವರ ನೆರವಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಹಣ ಕೊಡುತ್ತ ಬಂದ ದೇಶ ಅಮೆರಿಕ. ಆ ಹಣ ಎಲ್ಲಿಂದ ಬರುತ್ತದೆ, ಯಾರ ಕೈ ಸೇರುತ್ತದೆ, ನೆಲದ ಮೇಲೆ ಏನಾಗುತ್ತದೆ ಎಂಬ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಪ್ರಶ್ನೆಗಳು

ಬೇರೆ ದೇಶದ ಹೊಲಗದ್ದೆ ಸ್ವಚ್ಛ ಮಾಡೋಕೆ ಅಮೆರಿಕ ಯಾಕೆ ದುಡ್ಡು ಕೊಡಬೇಕು?

ಕೆಲವು ಕಡೆ ಉತ್ತರ ನೇರವಾಗಿದೆ: ಸುರಿದವರೇ ಅವರು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸ್ ಮೇಲೆ ಸುಮಾರು 5.8 ಲಕ್ಷ ದಾಳಿ ಹಾರಾಟ ನಡೆಸಿ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಹಾಕಿದವು. ಅದರಲ್ಲಿ, ಗಾಳಿಯಲ್ಲೇ ಬಿಚ್ಚಿಕೊಂಡು ಚಿಕ್ಕ ಬಾಂಬ್‌ಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬ್‌ಗಳ ಮರಿಬಾಂಬ್‌ಗಳೇ ಸುಮಾರು 27 ಕೋಟಿ. ನೂರಕ್ಕೆ ಮೂವತ್ತರಷ್ಟು ಸಿಡಿಯಲಿಲ್ಲ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಅಂದರೆ ಯುದ್ಧ ಮುಗಿದಾಗ 8 ಕೋಟಿಯಷ್ಟು ಮರಿಬಾಂಬ್ ಮಣ್ಣಿನಲ್ಲೇ ಉಳಿದಿದ್ದವು. ಲಾವೋಸ್‌ನ ಜನ ಅವನ್ನು ‘ಬಾಂಬಿ’ ಎನ್ನುತ್ತಾರೆ. ಹೆಚ್ಚಾಗಿ ಸಿಗುವುದು ಟೆನಿಸ್ ಚೆಂಡಿನ ಗಾತ್ರದ ಬಿಎಲ್‌ಯು-26. ಅದರ ಕವಚದಲ್ಲಿ ನೂರಾರು ಉಕ್ಕಿನ ಗುಂಡುಗಳಿರುತ್ತವೆ. ಈ ಹೊಣೆಯನ್ನು ಒಪ್ಪಿಕೊಂಡು ದೊಡ್ಡ ಮೊತ್ತ ಘೋಷಿಸಿದ್ದು ಬಹಳ ತಡವಾಗಿ. 2016ರ ಸೆಪ್ಟೆಂಬರ್‌ನಲ್ಲಿ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ಗೆ ಹೋದ ಅಧ್ಯಕ್ಷ ಒಬಾಮಾ 3 ವರ್ಷಕ್ಕೆ 9 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು.

ಶ್ರೀಲಂಕಾದಂಥ ಕಡೆ ಹೂತಿಟ್ಟವರು ಬೇರೆ, ಆದರೂ ಅಲ್ಲಿಗೂ ಹಣ ಹೋಗಿದೆ. ನಿರಾಶ್ರಿತರು ಊರಿಗೆ ಮರಳಲಿ, ಬೇಸಾಯ ಶುರುವಾಗಲಿ ಎಂಬುದು ಒಂದು ಕಾರಣ. ಆ ದೇಶದ ಸರ್ಕಾರದ ಜತೆ ಬಾಂಧವ್ಯ ಉಳಿಯಲಿ, ಬೇರೆ ದೊಡ್ಡ ರಾಷ್ಟ್ರ ಆ ಜಾಗ ಹಿಡಿಯದಿರಲಿ ಎಂಬುದು ಇನ್ನೊಂದು. ಎರಡನೆಯದು ಇದೆ ಎಂದ ಮಾತ್ರಕ್ಕೆ ಮೊದಲನೆಯದು ಸುಳ್ಳಾಗುವುದಿಲ್ಲ.

ಇಲ್ಲಿಯವರೆಗೆ ಒಟ್ಟು ಎಷ್ಟು ಕೊಟ್ಟಿದ್ದಾರೆ?

1993ರಿಂದ 500 ಕೋಟಿ ಡಾಲರ್‌ಗೂ ಹೆಚ್ಚು, 120ಕ್ಕೂ ಹೆಚ್ಚು ದೇಶಗಳಿಗೆ. ಆದರೆ ಇದೆಲ್ಲ ನೆಲಬಾಂಬ್‌ಗೇ ಹೋಗಿದೆ ಎಂದು ಓದಬೇಡಿ. ಹಳೆಯ ಮದ್ದುಗುಂಡಿನ ಉಗ್ರಾಣ ಖಾಲಿ ಮಾಡುವುದು, ಭುಜದ ಮೇಲಿಟ್ಟು ವಿಮಾನ ಹೊಡೆಯುವ ಕ್ಷಿಪಣಿಗಳನ್ನು ನಾಶ ಮಾಡುವುದು, ಬಂದೂಕುಗಳ ದಾಸ್ತಾನಿಗೆ ಬೀಗ ಹಾಕಿಸುವುದು ಎಲ್ಲವೂ ಇದೇ ಲೆಕ್ಕದಲ್ಲಿ ಸೇರಿವೆ.

ನಿಷೇಧ ಒಪ್ಪಂದಕ್ಕೆ ಸಹಿ ಹಾಕದ ದೇಶ ತೆರವಿಗೆ ದುಡ್ಡು ಕೊಡೋದು ಕಪಟ ಅಲ್ವಾ?

ವಿರೋಧಾಭಾಸ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 1997ರ ಡಿಸೆಂಬರ್‌ನಲ್ಲಿ ಸಹಿಗೆ ತೆರೆದು 1999ರ ಮಾರ್ಚ್ 1ರಂದು ಜಾರಿಗೆ ಬಂದ, ಮನುಷ್ಯರನ್ನು ಗುರಿಯಾಗಿಸುವ (ಕಾಲಾಳು) ನೆಲಬಾಂಬ್‌ಗಳನ್ನು ನಿಷೇಧಿಸುವ ಒಟ್ಟಾವಾ ಒಪ್ಪಂದದಲ್ಲಿ ಅಮೆರಿಕ ಇಲ್ಲ. ರಷ್ಯಾ, ಚೀನಾ, ಪಾಕಿಸ್ತಾನ ಇಲ್ಲ. ಭಾರತವೂ ಇಲ್ಲ. ಅಮೆರಿಕದ ಸ್ವಂತ ನೀತಿ ಅಧ್ಯಕ್ಷರು ಬದಲಾದಂತೆ ಬದಲಾಗಿದೆ: 2020ರ ಜನವರಿಯಲ್ಲಿ ಸಡಿಲವಾಯಿತು, 2022ರ ಜೂನ್‌ನಲ್ಲಿ ಕೊರಿಯಾ ಪರ್ಯಾಯ ದ್ವೀಪ ಬಿಟ್ಟು ಉಳಿದೆಡೆಗೆ ಬಿಗಿಯಾಯಿತು, 2024ರ ನವೆಂಬರ್‌ನಲ್ಲಿ ಅದೇ ಸರ್ಕಾರ ಉಕ್ರೇನ್‌ಗೆ ನೆಲಬಾಂಬ್ ಕೊಡಲು ಒಪ್ಪಿತು. 2025ರಲ್ಲಿ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ, ಫಿನ್ಲೆಂಡ್, ಪೋಲೆಂಡ್ ಒಪ್ಪಂದದಿಂದಲೇ ಹೊರಬರುವ ತೀರ್ಮಾನ ಮಾಡಿದವು.

ವ್ಯತ್ಯಾಸ ಇರುವುದು ಕಾನೂನಿನಲ್ಲಿ. ಒಪ್ಪಂದದ 6ನೇ ವಿಧಿಯ ಪ್ರಕಾರ, ಶಕ್ತಿ ಇರುವ ಸದಸ್ಯ ರಾಷ್ಟ್ರ ತೆರವಿಗೂ ಗಾಯಾಳುಗಳ ಆರೈಕೆಗೂ ನೆರವಾಗಬೇಕು. ನಾರ್ವೆ, ಜಪಾನ್, ಜರ್ಮನಿಗಳ ಮೇಲೆ ಈ ಕಟ್ಟುಪಾಡು ಇದೆ. ಅಮೆರಿಕ ಕೊಡುವುದು ಸ್ವಇಚ್ಛೆಯಿಂದ, ಹಾಗಾಗಿ ನಿಲ್ಲಿಸಿದರೂ ಯಾವ ಒಪ್ಪಂದವನ್ನೂ ಮುರಿದಂತಾಗುವುದಿಲ್ಲ.

ಛತ್ತೀಸ್‌ಗಢದಲ್ಲಿ ನಕ್ಸಲರು ಇಡೋ ನೆಲಬಾಂಬೂ ಇದೂ ಒಂದೇನಾ?

ನಮ್ಮ ಪತ್ರಿಕೆಗಳು ಎರಡಕ್ಕೂ ಒಂದೇ ಪದ ಬಳಸುತ್ತವೆ. ದೂರದಲ್ಲಿ ಕೂತವನು ಸ್ವಿಚ್ ಒತ್ತಿ ಸಿಡಿಸುವ ಬಾಂಬ್ ಒಟ್ಟಾವಾ ಒಪ್ಪಂದದ ವ್ಯಾಖ್ಯೆಗೆ ಬರುವುದಿಲ್ಲ. ತುಳಿದವನ ತೂಕಕ್ಕೋ ಎಡವಿದ ತಂತಿಗೋ ತಾನೇ ಸಿಡಿಯುವುದಾದರೆ ಬರುತ್ತದೆ, ಅದನ್ನು ಕಾರ್ಖಾನೆಯಲ್ಲಿ ಮಾಡಿರಲಿ, ಪ್ರೆಶರ್ ಕುಕ್ಕರ್‌ನಲ್ಲಿ ಮಾಡಿರಲಿ.

## ಹಣದ ದಾರಿ

ದುಡ್ಡು ಆ ದೇಶದ ಸರ್ಕಾರದ ಖಾತೆಗೆ ಹೋಗುತ್ತಾ?

ಬಹುಪಾಲು ಹೋಗುವುದಿಲ್ಲ. ಅಮೆರಿಕದ ಕಾಂಗ್ರೆಸ್ ಪ್ರತಿ ವರ್ಷ ಮೊತ್ತ ಮಂಜೂರು ಮಾಡುತ್ತದೆ, ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ವಿದೇಶಾಂಗ ಇಲಾಖೆಯಲ್ಲಿ ಶಸ್ತ್ರಾಸ್ತ್ರ ತೆರವಿಗೆಂದೇ ಒಂದು ಕಚೇರಿ ಇದೆ. ಅದು ಹ್ಯಾಲೊ ಟ್ರಸ್ಟ್, ಮೈನ್ಸ್ ಅಡ್ವೈಸರಿ ಗ್ರೂಪ್, ನಾರ್ವೇಜಿಯನ್ ಪೀಪಲ್ಸ್ ಏಡ್‌ನಂಥ ತೆರವು ಸಂಸ್ಥೆಗಳಿಂದ ಅರ್ಜಿ ಕರೆದು ಅನುದಾನ ಕೊಡುತ್ತದೆ. ಆದರೆ ಯಾವ ಹೊಲ ಮೊದಲು ಎಂದು ತೀರ್ಮಾನಿಸುವುದು ಆ ದೇಶದ ನೆಲಬಾಂಬ್ ತೆರವು ಪ್ರಾಧಿಕಾರ. ಕೆಲಸ ಹಂಚುವುದು, ಪರವಾನಗಿ ಕೊಡುವುದು, ಮುಗಿದ ಜಾಗ ಪರೀಕ್ಷಿಸಿ ಮಾಲೀಕನಿಗೆ ಹಸ್ತಾಂತರಿಸುವುದು ಅದರ ಹೊಣೆ.

ಸಂತ್ರಸ್ತರ ಹಣ ಬರುತ್ತಿದ್ದದ್ದು ಬೇರೆ ಕೊಳವೆಯಿಂದ. ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಒತ್ತಾಯದಿಂದ 1989ರಲ್ಲಿ ಹುಟ್ಟಿದ, ಅವರದೇ ಹೆಸರಿನ ಯುದ್ಧ ಸಂತ್ರಸ್ತರ ನಿಧಿ, ಅಮೆರಿಕದ ವಿದೇಶಿ ನೆರವಿನ ಸಂಸ್ಥೆಯಾಗಿದ್ದ ಯುಎಸ್‌ಏಡ್‌ನಲ್ಲಿತ್ತು. ತೆರವಿನ ಕಚೇರಿಗೂ ಈ ನಿಧಿಗೂ ಬಜೆಟ್ ಬೇರೆ, ಅಧಿಕಾರಿಗಳು ಬೇರೆ, ವರದಿಯ ನಮೂನೆ ಬೇರೆ. ಒಂದೇ ಜಿಲ್ಲೆಯಲ್ಲಿ ಎರಡೂ ಕೆಲಸ ನಡೆಯುತ್ತಿದ್ದರೂ ಒಂದಕ್ಕೊಂದು ಗೊತ್ತಿಲ್ಲದಂತೆ ನಡೆಯಲು ಇದೇ ಕಾರಣ.

ಅಮೆರಿಕದ ಸೈನಿಕರೇ ಬಂದು ಬಾಂಬ್ ತೆಗೀತಾರಾ?

ಇಲ್ಲ, ಕಾನೂನೇ ಬಿಡುವುದಿಲ್ಲ. ಮಾನವೀಯ ನೆರವಿನ ಹೆಸರಿನಲ್ಲಿ ಹೋದ ಸೈನಿಕ ತಾನೇ ನೆಲಬಾಂಬ್ ಹುಡುಕುವಂತಿಲ್ಲ, ಎತ್ತುವಂತಿಲ್ಲ, ನಾಶ ಮಾಡುವಂತಿಲ್ಲ. ತನ್ನದೇ ಸೇನಾ ಕಾರ್ಯಾಚರಣೆಗೆ ಬೇಕಾದಾಗ ಮಾತ್ರ ವಿನಾಯಿತಿ. ತರಬೇತಿ ಕೊಡುವುದು, ಉಪಕರಣ ಕೊಡುವುದು ಅವರ ಪಾಲು. ಹೊಲದಲ್ಲಿ ಮಂಡಿಯೂರುವವರು ಬಹುತೇಕ ಆಯಾ ಊರಿನವರೇ.

ಒಂದು ನೆಲಬಾಂಬ್ ಮಾಡೋಕೆ 3 ಡಾಲರ್, ತೆಗೆಯೋಕೆ 1000 ಡಾಲರ್ ಅಂತಾರಲ್ಲ, ನಿಜವಾ?

ತಯಾರಿಗೆ 3ರಿಂದ 30 ಡಾಲರ್, ತೆಗೆಯಲು 300ರಿಂದ 1000 ಡಾಲರ್ ಎಂಬ ಮಾತು 1990ರ ದಶಕದಿಂದ ಓಡಾಡುತ್ತಿದೆ. ಭಾಷಣಕ್ಕೆ ಒಪ್ಪುತ್ತದೆ, ಬಜೆಟ್ ಬರೆಯಲು ಬಾರದು. ಖರ್ಚಾಗುವುದು ಬಾಂಬ್ ಎತ್ತುವುದಕ್ಕಲ್ಲ, ಬಾಂಬ್ ಇಲ್ಲದ ನೆಲದಲ್ಲಿ ಹುಡುಕುವುದಕ್ಕೆ. ಒಂದು ಎಕರೆಯಲ್ಲಿ 3 ಬಾಂಬ್ ಸಿಕ್ಕರೂ 300 ಸಿಕ್ಕರೂ ಹುಡುಕಬೇಕಾದ ಎಕರೆ ಅಷ್ಟೇ. ಹಾಗಾಗಿ ಖರ್ಚು ಇಳಿಸುವ ದೊಡ್ಡ ಉಪಾಯ ಯಂತ್ರವಲ್ಲ, ಸರ್ವೆ. ಮೊದಲು ಊರವರನ್ನು ಮಾತಾಡಿಸಿ ಅನುಮಾನದ ಜಾಗ ಗುರುತಿಸುತ್ತಾರೆ. ಆಮೇಲೆ ಉಪಕರಣ ಹಿಡಿದು ಕೆಲವು ಸಾಲುಗಳಲ್ಲಷ್ಟೇ ಪರೀಕ್ಷಿಸುತ್ತಾರೆ. ಖಚಿತವಾದ ತುಂಡಿನಲ್ಲಿ ಮಾತ್ರ ಪೂರ್ತಿ ತೆರವು. ಹತ್ತು ವರ್ಷದಿಂದ ಜನ ಉಳುಮೆ ಮಾಡುತ್ತಿದ್ದರೂ ನಕ್ಷೆಯಲ್ಲಿ ಕೆಂಪಾಗಿಯೇ ಉಳಿದ ಜಾಗಗಳು ಎಷ್ಟೋ ದೇಶಗಳಲ್ಲಿವೆ. ಅವನ್ನು ದಾಖಲೆಯಿಂದ ಬಿಡುಗಡೆ ಮಾಡುವುದೇ ಅತಿ ಅಗ್ಗದ ತೆರವು.

2025ರಲ್ಲಿ ಅಮೆರಿಕ ನೆರವು ನಿಲ್ಲಿಸಿತಲ್ಲ, ಆಗ ಏನಾಯ್ತು?

2025ರ ಜನವರಿಯಲ್ಲಿ ವಿದೇಶಿ ನೆರವಿಗೆ 90 ದಿನಗಳ ತಡೆ ಬಿತ್ತು. ತೆರವು ಸಂಸ್ಥೆಗಳಿಗೂ ಕೆಲಸ ನಿಲ್ಲಿಸಲು ಸೂಚನೆ ಹೋಯಿತು. ಕಾಂಬೋಡಿಯಾದಲ್ಲಿ ಅಮೆರಿಕದ ಹಣದ ಮೇಲೆ ನಡೆಯುತ್ತಿದ್ದ ತಂಡಗಳು ನಿಂತವು, ಆಮೇಲೆ ವಿನಾಯಿತಿ ಸಿಕ್ಕಿತು. ಲೇಹಿ ನಿಧಿಯ ಮನೆಯಾಗಿದ್ದ ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕಿ, ಉಳಿದ ಕೆಲಸ ವಿದೇಶಾಂಗ ಇಲಾಖೆಗೆ ಹೋಯಿತು.

90 ದಿನವೆಂದರೆ ಬರೀ 90 ದಿನವಲ್ಲ. ಅರ್ಧ ಮುಗಿದ ಸಾಲಿನಲ್ಲಿ ನೆಟ್ಟ ಗುರುತಿನ ಕಡ್ಡಿ ಮಳೆಗೆ ಬೀಳುತ್ತದೆ, ಸೌದೆಗೆ ಹೋಗುತ್ತದೆ, ಎಲ್ಲಿಯವರೆಗೆ ತೆರವಾಗಿತ್ತು ಎಂಬುದೇ ಅನುಮಾನವಾಗಿ ಹಿಂದಿನ ಕೆಲವು ಮೀಟರ್ ಮತ್ತೆ ಮಾಡಬೇಕಾಗುತ್ತದೆ. ಕೆಲಸ ನಿಂತರೂ ಸ್ಫೋಟಕದ ಕೊಠಡಿಯ ಕಾವಲು ತೆಗೆಯುವಂತಿಲ್ಲ. ಬಿಡುವಿನ ನಂತರ ಬಂದವರಿಗೆ ಮರುತರಬೇತಿ ಕೊಡಬೇಕು, ಬಾಂಬ್ ಮೂಸಿ ಹಿಡಿಯುವ ನಾಯಿಗಳನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕು. ಒಣಹವೆಯ ತಿಂಗಳುಗಳು ತಪ್ಪಿದರಂತೂ ಮುಂದಿನ ಮಳೆಗಾಲ ಮುಗಿಯುವವರೆಗೆ ಕಾಯಬೇಕು. ನುರಿತ ಕೆಲಸಗಾರ ಅಷ್ಟರಲ್ಲಿ ಬೇರೆ ಕೂಲಿ ಹುಡುಕಿಕೊಂಡಿರುತ್ತಾನೆ.

## ನೆಲದ ಮೇಲೆ

ನಿಜವಾಗಿ ಹೇಗೆ ತೆಗೀತಾರೆ? ಹಂತ ಹಂತವಾಗಿ ಹೇಳಿ.

ಒಬ್ಬ ಕೆಲಸಗಾರನಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಅಗಲದ ಸಾಲು. ಪಕ್ಕದ ಸಾಲಿನವನು ಸಾಮಾನ್ಯವಾಗಿ 25 ಮೀಟರ್ ಆಚೆ, ಒಂದು ಸಿಡಿದರೆ ಇಬ್ಬರು ಸಾಯಬಾರದೆಂದು. ಎದೆಗೆ ರಕ್ಷಾಕವಚ, ಮುಖಕ್ಕೆ 5 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಮುಖಗವಸು. ಬೆಳಿಗ್ಗೆ ಶುರು ಮಾಡುವ ಮುನ್ನ, ನಿಗದಿತ ಆಳದಲ್ಲಿ ಹೂತ ಮಾದರಿ ತುಣುಕಿನ ಮೇಲೆ ಡಿಟೆಕ್ಟರ್ ಆಡಿಸಿ ಅದು ಕೂಗುತ್ತದೆಯೇ ನೋಡಬೇಕು. ಕೂಗದಿದ್ದರೆ ಆ ಡಿಟೆಕ್ಟರ್ ಆ ದಿನ ಹೊಲಕ್ಕಿಳಿಯುವುದಿಲ್ಲ.

ಸಾಲಿನ ಅಂಚಿಗೆ ಅಡ್ಡಲಾಗಿ ಒಂದು ಕೋಲು ಇರುತ್ತದೆ. ಅದರ ಆಚೆಗೆ ಮೊದಲು ಕಣ್ಣು, ಆಮೇಲೆ ಎಡವುತಂತಿ ಇದೆಯೇ ಎಂದು ತಡವುವ ತೆಳು ಕಡ್ಡಿ, ಆಮೇಲೆ ಹುಲ್ಲು ಕತ್ತರಿ, ಕೊನೆಗೆ ಡಿಟೆಕ್ಟರ್. ಸದ್ದು ಬಂದ ಕಡೆ ಗುರುತಿಟ್ಟು, ಅಲ್ಲಿಂದ ಸುಮಾರು ಒಂದು ಗೇಣು ಹಿಂದೆಯೇ ಅಗೆಯಲು ಶುರು ಮಾಡಬೇಕು. ಮೇಲಿನಿಂದ ಅಲ್ಲ, 30 ಡಿಗ್ರಿಯಷ್ಟು ಓರೆಯಾಗಿ, ಪಕ್ಕದಿಂದ. ಒತ್ತುಫಲಕ ಇರುವುದು ಬಾಂಬ್‌ನ ತಲೆಯ ಮೇಲೆ, ಪಕ್ಕದಿಂದ ಹೋದರೆ ಸಿಗುವುದು ಅದರ ಹೊಟ್ಟೆ. ಬದಿ ಕಂಡೊಡನೆ ನಿಲ್ಲಿಸಬೇಕು. ಕೆಳಗೆ ಇನ್ನೊಂದು ಸಿಕ್ಕಿಸಿರಬಹುದಾದ್ದರಿಂದ ಎಳೆಯುವಂತಿಲ್ಲ. ಪಕ್ಕದಲ್ಲಿ ಸ್ವಲ್ಪ ಸ್ಫೋಟಕ ಇಟ್ಟು, ದಿನದ ಕೊನೆಗೆ ಎಲ್ಲರೂ ಹೊರಬಂದ ಮೇಲೆ ಇದ್ದಲ್ಲೇ ಸಿಡಿಸುತ್ತಾರೆ.

ಎಷ್ಟು ಆಳದವರೆಗೆ ಎಂಬುದನ್ನು ಆಯಾ ದೇಶದ ಮಾನದಂಡ ಹೇಳುತ್ತದೆ. ಕಾಲಾಳು ನೆಲಬಾಂಬ್‌ಗೆ 13ರಿಂದ 20 ಸೆಂ.ಮೀ. ಸಾಮಾನ್ಯ. ಅವಘಡ ಹೆಚ್ಚಾಗಿ ಆಗುವುದು ಡಿಟೆಕ್ಟರ್ ಕೈಕೊಟ್ಟಾಗ ಅಲ್ಲ, ಅಗೆಯುವಾಗ. ಬೆಳಿಗ್ಗೆಯಿಂದ ನೂರು ಸದ್ದಿಗೂ ಮೊಳೆ, ಗುಂಡಿನ ಚೂರು, ಡಬ್ಬಿಯ ಮುಚ್ಚಳವೇ ಸಿಕ್ಕಿರುತ್ತದೆ. ನೂರಾ ಒಂದನೆಯದಕ್ಕೆ ಕೈ ಅವಸರ ಮಾಡುತ್ತದೆ. ಗಂಟೆಗೊಮ್ಮೆ ಕಡ್ಡಾಯ ವಿರಾಮ ಇರುವುದು ಅದಕ್ಕೇ.

ಲೋಹದ ಚೂರು ವಿಪರೀತವಾಗಿರುವ ಕಡೆ ಡಿಟೆಕ್ಟರನ್ನೇ ಬದಿಗಿಡುತ್ತಾರೆ. ಶ್ರೀಲಂಕಾದ ಯಾಳ್ಪಾಣ (ಜಾಫ್ನಾ) ಪರ್ಯಾಯ ದ್ವೀಪದ ಕುತ್ತಿಗೆಯಲ್ಲಿರುವ ಮುಹಮಾಲೈನಲ್ಲಿ ವರ್ಷಗಟ್ಟಲೆ ಯುದ್ಧ ನಡೆದು ಮಣ್ಣೆಲ್ಲ ಕಬ್ಬಿಣಮಯ. ಅಲ್ಲಿ ಉದ್ದ ಹಿಡಿಯ ಕುಂಟೆಯಂಥ ಹಲ್ಲುಗೋರಿನಿಂದ ಮಣ್ಣನ್ನು ಪದರ ಪದರವಾಗಿ ಕೆಳಗಿನಿಂದ ಎಳೆದುಕೊಳ್ಳುತ್ತ ಹೋಗುತ್ತಾರೆ. ಆ ಸಾಲುಗಳಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರು ಬಹಳ, ಎಷ್ಟೋ ಮಂದಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು.

ಜೆಸಿಬಿಯಂಥದ್ದು ಬಿಟ್ಟು ಉತ್ತುಬಿಟ್ಟರೆ ಆಗಲ್ವಾ? ಇಲಿ, ನಾಯಿ ಬಳಸ್ತಾರಂತೆ?

ಸರಪಳಿ ಬೀಸುವ ಯಂತ್ರ, ಹಲ್ಲುಗಾಲಿಯ ಯಂತ್ರ ಎರಡೂ ಇವೆ. ಬಯಲಿನಲ್ಲಿ, ಒಣನೆಲದಲ್ಲಿ ಪೊದೆ ಸವರಲು ಚೆನ್ನ. ಆದರೆ ಕೆಲವು ಬಾಂಬ್ ಸಿಡಿಯದೆ ಒಡೆದು ಚೂರಾಗುತ್ತವೆ, ಕೆಲವು ಇನ್ನೂ ಆಳಕ್ಕೆ ಒತ್ತಿಹೋಗುತ್ತವೆ. ಇಳಿಜಾರು, ಕೆಸರು, ಬಂಡೆ ಇದ್ದಲ್ಲಿ ಯಂತ್ರ ಹೋಗದು. ಹಿಂದಿನಿಂದ ಮನುಷ್ಯನೋ ನಾಯಿಯೋ ಬರಲೇಬೇಕು. ಆಫ್ರಿಕಾದ ದೊಡ್ಡ ಚೀಲಗಲ್ಲದ ಇಲಿ ಟಿಎನ್‌ಟಿ ಸ್ಫೋಟಕದ ವಾಸನೆ ಹಿಡಿಯುತ್ತದೆ, ಕಬ್ಬಿಣದ ಚೂರಿಗೆ ತಲೆಕೆಡಿಸಿಕೊಳ್ಳುವುದಿಲ್ಲ, ಬಾಂಬ್ ಸಿಡಿಸುವಷ್ಟು ತೂಕವೂ ಇಲ್ಲ. ಕಾಂಬೋಡಿಯಾದಲ್ಲಿ ಕೆಲಸ ಮಾಡಿದ ಮಗಾವಾ ಎಂಬ ಇಲಿ ಒಟ್ಟು 100ಕ್ಕೂ ಹೆಚ್ಚು ನೆಲಬಾಂಬ್ ಮತ್ತು ಸ್ಫೋಟಕ ಪತ್ತೆಹಚ್ಚಿ 2020ರಲ್ಲಿ ಚಿನ್ನದ ಪದಕ ಪಡೆಯಿತು. ಎತ್ತರದ ಹುಲ್ಲಿನಲ್ಲಿ ಮಾತ್ರ ಇಲಿ ಕೆಲಸಕ್ಕೆ ಬಾರದು. ಬಿಸಿಲೇರಿದರೆ ಅದರ ದಿನ ಮುಗಿಯಿತು.

ಸೇನೆಯವರು ‘ಬ್ಯಾಂಗಲೋರ್ ಟಾರ್ಪಿಡೊ’ದಿಂದ ನಿಮಿಷದಲ್ಲಿ ದಾರಿ ಮಾಡ್ತಾರಲ್ಲ?

ಹೆಸರು ನಮ್ಮೂರಿನದೇ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ ಸ್ಫೋಟಕ ತುಂಬಿದ ಕೊಳವೆ ಅದು. ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಕೆಳಗೆ ತೂರಿಸಿ ಸಿಡಿಸುತ್ತಾರೆ. ಮುಂದೆ ನೆಲಬಾಂಬ್ ಸಾಲಿನಲ್ಲಿ ದಾರಿ ಬಿಡಿಸಲೂ ಬಳಸಿದರು. ಅದು ಯುದ್ಧದ ಲೆಕ್ಕ: ಕಿರಿದಾದ ದಾರಿ ಸಾಕು, ಒಂದೆರಡು ಉಳಿದರೂ ನುಗ್ಗಬೇಕು. ಹೊಲವನ್ನು ರೈತನಿಗೆ ಮರಳಿಸುವಾಗ ಒಂದೂ ಉಳಿಯುವಂತಿಲ್ಲ, ಅವನು ನಾಳೆಯಿಂದ ಇಂಚಿಂಚೂ ಉಳುತ್ತಾನೆ.

## ಗಾಯಗೊಂಡವರು

ಸಂತ್ರಸ್ತರ ನೆರವು ಅಂದ್ರೆ ಕೃತಕ ಕಾಲು ಕೊಡೋದು ತಾನೆ?

ಅದು ನಡುವಿನ ಒಂದು ಭಾಗ. ರಕ್ತ ನಿಲ್ಲಿಸಿ ಆಸ್ಪತ್ರೆಗೆ ಮುಟ್ಟಿಸುವುದು ಅದಕ್ಕಿಂತ ಮೊದಲು. ಒಳ್ಳೆಯ ಶಸ್ತ್ರಚಿಕಿತ್ಸೆಯೂ ಮೊದಲು: ಮೊಂಡುಗಾಲನ್ನು ಸರಿಯಾಗಿ ರೂಪಿಸದಿದ್ದರೆ ಯಾವ ಕೃತಕ ಕಾಲೂ ಕೂರುವುದಿಲ್ಲ. ಮಾನಸಿಕ ಆಸರೆ, ಕೆಲಸ, ಶಾಲೆ, ಪಿಂಚಣಿ, ಕಾನೂನು ಎಲ್ಲ ಆಮೇಲೆ. ಇನ್ನೊಂದು ನಿಯಮವನ್ನು ಹಲವರು ಮರೆಯುತ್ತಾರೆ: ಬಾಂಬ್‌ನಿಂದ ಕಾಲು ಹೋದವನಿಗೆ ಮಾತ್ರ, ಬೈಕ್ ಅಪಘಾತದಲ್ಲೋ ಸಕ್ಕರೆ ಕಾಯಿಲೆಯಲ್ಲೋ ಹೋದವನಿಗೆ ಇಲ್ಲ ಎನ್ನುವಂತಿಲ್ಲ. ಹಾಗಾಗಿ ಲಾವೋಸ್‌ನಲ್ಲಿ 1997ರಲ್ಲಿ ಶುರುವಾದ, ಕೃತಕ ಅಂಗ ಒದಗಿಸುವ ಕೋಪ್ ಸಂಸ್ಥೆಯ ಕೇಂದ್ರಗಳಿಗೆ ಪೋಲಿಯೊ ಆದವರೂ ಬರುತ್ತಾರೆ.

ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಮದ್ದುಗುಂಡಿನಿಂದ ಜಗತ್ತಿನಲ್ಲಿ 2023ರಲ್ಲಿ ದಾಖಲಾದ ಸಾವುನೋವು 5,757, ಹೆಚ್ಚಿನವರು ನಾಗರಿಕರು. ಆದರೂ ದಾನಿಗಳ ಒಟ್ಟು ಹಣದಲ್ಲಿ ಸಂತ್ರಸ್ತರಿಗೆಂದು ಗುರುತಿಸಿದ ಪಾಲು ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ತೆರವಾದ ನೆಲದ ಫೋಟೊ ತೆಗೆಯಬಹುದು, ಅಳತೆ ಹೇಳಬಹುದು. ಒಬ್ಬ ಮನುಷ್ಯನ ನಲವತ್ತು ವರ್ಷದ ಆರೈಕೆಯನ್ನು ಒಂದು ವರ್ಷದ ವರದಿಯಲ್ಲಿ ತೋರಿಸುವುದು ಕಷ್ಟ. ಹಣ ಹಂಚಿಕೆಯ ವ್ಯವಸ್ಥೆಯಲ್ಲಿರುವ ದೊಡ್ಡ ದೋಷ ಇದೇ ಎಂಬುದು ನಮ್ಮ ಅಭಿಪ್ರಾಯ.

ಒಂದ್ಸಲ ಕಾಲು ಕೊಟ್ಟರೆ ಮುಗೀತಲ್ವಾ? ಮತ್ತೆ ಮತ್ತೆ ಯಾಕೆ ಹಣ?

ದೊಡ್ಡವರಿಗೆ 3ರಿಂದ 5 ವರ್ಷಕ್ಕೊಮ್ಮೆ ಹೊಸದು ಬೇಕು, ಕೆಸರುಗದ್ದೆಯಲ್ಲಿ ದುಡಿಯುವವರಿಗೆ ಇನ್ನೂ ಬೇಗ. ಬೆಳೆಯುವ ಮಗುವಿಗೆ 6ರಿಂದ 12 ತಿಂಗಳಿಗೊಮ್ಮೆ. ಹತ್ತನೇ ವಯಸ್ಸಿನಲ್ಲಿ ಕಾಲು ಕಳೆದುಕೊಂಡವರಿಗೆ ಜೀವಮಾನದಲ್ಲಿ 25ರಷ್ಟು ಬೇಕಾಗಬಹುದೆಂಬ ಲೆಕ್ಕವಿದೆ. ಮಕ್ಕಳಲ್ಲಿ ಕತ್ತರಿಸಿದ ಮೂಳೆಯೂ ಬೆಳೆದು ಚರ್ಮಕ್ಕೆ ಚುಚ್ಚುವುದರಿಂದ ಮರುಶಸ್ತ್ರಚಿಕಿತ್ಸೆಯೂ ಬೀಳುತ್ತದೆ.

ಬಡದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರೆಡ್‌ಕ್ರಾಸ್ ರೂಢಿಗೆ ತಂದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಕಾಲು. ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು ಗಟ್ಟಿ ಪ್ರತಿಕೃತಿ ಮಾಡಿ, ಭಾರ ತಡೆಯುವ ಕಡೆ ಕೆತ್ತಿ, ನೋಯುವ ಎಲುಬಿನ ಕಡೆ ಮೆತ್ತಿ ತಿದ್ದುತ್ತಾರೆ. ಕಾಲು ಕೂರುವುದೂ ಕೂರದಿರುವುದೂ ಈ ತಿದ್ದುವಿಕೆಯಲ್ಲಿದೆ. ಒಲೆಯಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ, ಗಾಳಿ ಹೀರಿ, ತಣಿಸಿ, ನಳಿಗೆ ಮತ್ತು ಪಾದ ಜೋಡಿಸುತ್ತಾರೆ. ನಂತರ ಎರಡು ಕಂಬಿಗಳ ನಡುವೆ ನಡಿಗೆ ಅಭ್ಯಾಸ. ಮೊದಲ ತಿಂಗಳುಗಳಲ್ಲಿ ಮೊಂಡುಗಾಲಿನ ಊತ ಇಳಿದು ಸಣ್ಣಗಾಗುವುದರಿಂದ ಮೊದಲ ಕಾಲು ಬೇಗ ಸಡಿಲವಾಗುತ್ತದೆ. ಕೇಂದ್ರಕ್ಕೆ ಬಸ್ ಚಾರ್ಜ್ ಇಲ್ಲದವರು ಬಟ್ಟೆ ತುರುಕಿಕೊಂಡು ನಡೆಯುತ್ತಾರೆ, ಹುಣ್ಣಾಗುತ್ತದೆ, ಕಾಲು ಮೂಲೆ ಸೇರುತ್ತದೆ. ಒಳ್ಳೆಯ ಯೋಜನೆಯ ಬಜೆಟ್‌ನಲ್ಲಿ ಪ್ರಯಾಣ, ಊಟ, ತಂಗುವ ಖರ್ಚು ಇದ್ದೇ ಇರುತ್ತದೆ. ಇಲ್ಲದ ಯೋಜನೆ ಕಂಡರೆ ಅನುಮಾನಪಡಿ.

ಭಾರತವೂ ಕೊಡುತ್ತಾ? ಜೈಪುರ್ ಫುಟ್ ಎಲ್ಲಿ ಬರುತ್ತೆ?

ಕೊಡುತ್ತದೆ. 2009ರಲ್ಲಿ ಯುದ್ಧ ಮುಗಿದ ಮೇಲೆ ಶ್ರೀಲಂಕಾದ ಉತ್ತರಕ್ಕೆ ಭಾರತ ತನ್ನ ಖರ್ಚಿನಲ್ಲಿ 7 ತೆರವು ತಂಡಗಳನ್ನು ಕಳಿಸಿತು, 2010ರಲ್ಲಿ ಜೈಪುರ್ ಫುಟ್ ಶಿಬಿರವನ್ನೂ ನಡೆಸಿತು. 2018ರಿಂದ ವಿದೇಶಾಂಗ ಸಚಿವಾಲಯ ಹಲವು ದೇಶಗಳಲ್ಲಿ ಇಂಥ ಶಿಬಿರಗಳಿಗೆ ಹಣ ಕೊಟ್ಟಿದೆ. ಬರಿಗಾಲಲ್ಲಿ ನಡೆಯಲು, ಚಕ್ಕಳಮಕ್ಕಳ ಹಾಕಿ ಕೂರಲು ಒಗ್ಗುವ ರಬ್ಬರ್ ಪಾದ ಅದರ ಬಲ. ಆದರೆ ಶಿಬಿರ ಎತ್ತಿದ ಮೇಲೆ ರಿಪೇರಿಗೆ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. 1987ರಿಂದ ಯಾಳ್ಪಾಣದಲ್ಲೇ ಇರುವ ಜೈಪುರ್ ಪುನರ್ವಸತಿ ಕೇಂದ್ರದಂಥ ಕಾಯಂ ಕಾರ್ಯಾಗಾರ ಇದ್ದಲ್ಲಿ ಆ ತೊಂದರೆ ಇಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ವರದಿಯಲ್ಲಿ ‘ಇಷ್ಟು ಚದರ ಮೀಟರ್’ ಅಂತ ಇರುತ್ತೆ. ಅದನ್ನ ಹೇಗೆ ಓದಬೇಕು?

ಒಂಟಿಯಾಗಿ ಓದಬೇಡಿ. ಚದರ ಮೀಟರ್ ಲೆಕ್ಕಕ್ಕೆ ಅನುದಾನ ಬಿದ್ದಾಗ ಸುಲಭದ, ಬಾಂಬ್ ಇಲ್ಲದ ಬಯಲನ್ನೇ ಮೊದಲು ಮಾಡುವ ಆಸೆ ಹುಟ್ಟುತ್ತದೆ. ಒಂದು ಹೆಕ್ಟೇರ್‌ಗೆ ಎಷ್ಟು ಸಿಕ್ಕವು, ಸರ್ವೆಯಿಂದ ಬಿಡುಗಡೆಯಾದದ್ದೆಷ್ಟು, ತೆರವಿನಿಂದ ಎಷ್ಟು, ಆರು ತಿಂಗಳ ನಂತರ ಅಲ್ಲಿ ಬೆಳೆ ಇದೆಯೇ ಎಂದು ನೋಡಿ. ಹೆಕ್ಟೇರ್‌ಗಟ್ಟಲೆ ತೆರವು ಮಾಡಿ ಒಂದೂ ಸಿಗದ ಕಡೆ ಸರ್ವೆ ಸೋತಿದೆ ಎಂದರ್ಥ. ಲಾವೋಸ್‌ನಲ್ಲಿ ಇದೇ ಕಾರಣಕ್ಕೆ ಅಮೆರಿಕದ ಹಣವನ್ನು ಮೊದಲು ಸರ್ವೆಗೆ ತಿರುಗಿಸಿದರು. ಬಾಂಬಿ ಸಿಕ್ಕ ಕಡೆಯಿಂದ ಸುತ್ತ ಅವು ಎಲ್ಲಿಯವರೆಗೆ ಹರಡಿವೆ ಎಂದು ನಕ್ಷೆ ಮಾಡಿ, ಖಚಿತವಾದ ಜಾಗಕ್ಕಷ್ಟೇ ತೆರವು ತಂಡ ಕಳಿಸುತ್ತಾರೆ.

ಒಂದು ದೇಶ ‘ನೆಲಬಾಂಬ್ ಮುಕ್ತ’ ಅಂತ ಘೋಷಿಸಿದ ಮೇಲೆ ದಾನಿಗಳು ಹೋಗಬಹುದಾ?

ಮೊಜಾಂಬಿಕ್ 2015ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಅದರರ್ಥ ಗೊತ್ತಿದ್ದ ನೆಲಬಾಂಬ್ ಜಾಗಗಳೆಲ್ಲ ಮುಗಿದವು ಎಂದು. ಗೊತ್ತಿಲ್ಲದ್ದು ಮುಂದೆಯೂ ಸಿಗುತ್ತದೆ. ಜರ್ಮನಿಯಲ್ಲಿ ಕಟ್ಟಡದ ಪಾಯ ತೋಡುವಾಗ ಎರಡನೇ ಮಹಾಯುದ್ಧದ ಬಾಂಬ್ ಇಂದಿಗೂ ಸಿಗುತ್ತಿದೆ. ಹಾಗಾಗಿ ಹೊರಡುವ ಮುನ್ನ ಪೊಲೀಸರಲ್ಲೋ ಸೇನೆಯಲ್ಲೋ ಒಂದು ಸಣ್ಣ ತಂಡಕ್ಕೆ ತರಬೇತಿ, ಒಂದು ವಾಹನ, ಎಲ್ಲ ದಾಖಲೆಗಳ ಪ್ರತಿ ಬಿಟ್ಟುಹೋಗಬೇಕು. ಕಾಲು ಕಳೆದುಕೊಂಡವರ ಪಟ್ಟಿ ಮಾತ್ರ ಘೋಷಣೆಯ ದಿನ ಮುಚ್ಚುವುದಿಲ್ಲ. ಪುನರ್ವಸತಿ ಕೇಂದ್ರದ ಸಂಬಳ ಅಷ್ಟರೊಳಗೆ ಆ ದೇಶದ ಆರೋಗ್ಯ ಬಜೆಟ್‌ಗೆ ಸೇರಿರಬೇಕು. ಸೇರದಿದ್ದ ಕಡೆ ತಂತ್ರಜ್ಞರು ಒಂದೆರಡು ವರ್ಷದಲ್ಲಿ ಚದುರಿಹೋಗುತ್ತಾರೆ.

ಕರ್ನಾಟಕದವರು ಈ ಕೆಲಸಕ್ಕೆ ಸೇರಬಹುದಾ?

ಎರಡು ಬಾಗಿಲುಗಳಿವೆ. ಸೇನೆಯ ಎಂಜಿನಿಯರ್ ಪಡೆಯಿಂದ ನಿವೃತ್ತರಾದವರು ಸ್ಫೋಟಕ ವಿಲೇವಾರಿಯ ಅಂತರರಾಷ್ಟ್ರೀಯ ಹಂತಗಳ ಪ್ರಮಾಣಪತ್ರ ಮಾಡಿಕೊಂಡು ಹೋಗಬಹುದು. ಸೇನೆಯ ಅನುಭವ ಒಂದೇ ಸಾಲದು, ದಾರಿ ಬಿಡಿಸುವ ಅಭ್ಯಾಸ ಬಿಟ್ಟು ಹೊಲ ಒಪ್ಪಿಸುವ ಅಭ್ಯಾಸ ಕಲಿಯಬೇಕು. ಇನ್ನೊಂದು, ಕೃತಕ ಅಂಗ ತಯಾರಿಯ ಪದವಿ. ಭಾರತದಲ್ಲಿ ಇದಕ್ಕೆ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನಕ್ಷೆ ಮತ್ತು ದತ್ತಾಂಶ ಬಲ್ಲವರಿಗೂ ಲೆಕ್ಕಪತ್ರ ಬಲ್ಲವರಿಗೂ ಕೆಲಸವಿದೆ. ಅಂತರರಾಷ್ಟ್ರೀಯ ಮಾನದಂಡಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಂದರ್ಶನಕ್ಕೆ ಮುನ್ನ ಭೂಮಿ ಬಿಡುಗಡೆಯ ಭಾಗವನ್ನು ಓದಿಕೊಂಡು ಹೋಗಿ, ಮೊದಲ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ.